640 ಕೆ.ಜಿ. ಕಾರಿಗೆ ಪವರ್ ಸ್ಟೀರಿಂಗ್: ಮೋಟರ್ ಸುಲಭ, ಬುಶ್ ಕಷ್ಟ

ಕಾರಿನ ತೂಕ 640 ಕೆ.ಜಿ. ಅದರಲ್ಲಿ ಮುಂದಿನ ಎರಡು ಚಕ್ರಗಳ ಮೇಲೆ ಬೀಳುವುದು ಬರೀ 310. ಇಷ್ಟು ಹಗುರ ಕಾರಿಗೆ ಪವರ್ ಸ್ಟೀರಿಂಗ್ ಯಾಕಪ್ಪಾ ಅಂತ ಕೇಳಿದವರ ಜೊತೆ ನಾನು ವಾದ ಮಾಡಲಿಲ್ಲ. ಕೀ ಕೊಟ್ಟು, "ಗ್ಯಾರೇಜಿನೊಳಗೆ ರಿವರ್ಸ್‌ನಲ್ಲಿ ತಂದು ನಿಲ್ಲಿಸಿ ನೋಡೋಣ" ಅಂದೆ. ಮೂರನೇ ಸಲ ಸ್ಟೀರಿಂಗ್ ತಿರುಗಿಸುವಷ್ಟರಲ್ಲಿ ಮುಖ ಕೆಂಪಾಗುತ್ತಿತ್ತು. ನನ್ನ ಹೆಂಡತಿ ಒಂದೇ ಸಲ ಓಡಿಸಿ, "ಇದೇನು ಕಾರಾ, ಗಾಣಾನಾ?" ಅಂದಳು. ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ.

ನನ್ನದು ಲೋಟಸ್ ಸೆವೆನ್ ಅನ್ನುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಕಿಟ್ ಕಾರು, ಅಂದರೆ ಬಿಡಿ ಭಾಗ ತಂದು ನಾವೇ ಜೋಡಿಸುವ ಕಾರು. ಚೌಕ ಪೈಪಿನ ಚಾಸಿಸ್, ಅಲ್ಯುಮಿನಿಯಂ ತಗಡು, ಮುಂದೆ 1600 ಸಿಸಿ ಎಂಜಿನ್, ಎಳೆಯುವುದು ಹಿಂದಿನ ಚಕ್ರ. ಬಾಗಿಲಿಲ್ಲ, ಚಾವಣಿಯೂ ಇಲ್ಲ. 1957ರಲ್ಲಿ ಮೂಲ ಸೆವೆನ್ ಬಂದಾಗ ಅದಕ್ಕಿದ್ದದ್ದು ಸಪೂರ ಟೈರು, ದೊಡ್ಡ ಸ್ಟೀರಿಂಗ್ ಚಕ್ರ. ಆ ಕಾರಿಗೆ ಪವರ್ ಸ್ಟೀರಿಂಗ್ ಅಂದಿದ್ದರೆ ನಗುತ್ತಿದ್ದರು. ನಾವು ಈಗ ಕಟ್ಟಿಕೊಳ್ಳುವುದೇ ಬೇರೆ. ನನ್ನ ಕಾರಿನ ಟೈರು 195/50, 15 ಇಂಚು. ಸ್ಟೀರಿಂಗ್ ಚಕ್ರದ ವ್ಯಾಸ 300 ಮಿ.ಮೀ., ಯಾಕೆಂದರೆ ದೊಡ್ಡದು ಹಾಕಿದರೆ ತೊಡೆಗೆ ತಾಗುತ್ತದೆ. ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಆಚೀಚೆ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು) ಕೂಡ ಚುರುಕಿನದು, ಈ ತುದಿಯಿಂದ ಆ ತುದಿಗೆ 2.4 ಸುತ್ತು. ಸುತ್ತು ಕಡಿಮೆಯಾದಷ್ಟೂ ಕೈಗೆ ಭಾರ ಜಾಸ್ತಿ. ಸನ್ನೆಕೋಲು ಗಿಡ್ಡವಾದ ಹಾಗೆ. ಇದರ ಮೇಲೆ ಟೈರಿನ ಗಾಳಿ ಬೇರೆ. ಹಗುರ ಕಾರಾದ್ದರಿಂದ 18 ಪಿಎಸ್ಐ ಹಾಕಿದರೇ ರಸ್ತೆಗೆ ಚೆನ್ನಾಗಿ ಕಚ್ಚುತ್ತದೆ. 28 ಹಾಕಿದರೆ ಸ್ಟೀರಿಂಗ್ ಹಗುರ, ಆದರೆ ತಿರುವಿನಲ್ಲಿ ಕಾರು ಜಾರುತ್ತದೆ. ಅದು ನನಗೆ ಬೇಡ.

ಎರಡು ವರ್ಷ ಹಲ್ಲು ಕಚ್ಚಿ ಓಡಿಸಿದೆ. ಆಮೇಲೆ ಬಲ ಭುಜ ನೋಯಲು ಶುರುವಾಯಿತು. ಭುಜಕ್ಕೆ ಹಟ ಮಾಡಲು ಬರುವುದಿಲ್ಲವಲ್ಲ.

ಮೊದಲು ತಕ್ಕಡಿ, ಆಮೇಲೆ ಖರೀದಿ

ಸಾಮಾನು ತರುವ ಮೊದಲು ಎಷ್ಟು ಭಾರ ಇದೆ ಅಂತ ಅಳೆದೆ. ಲಗೇಜು ತೂಗುವ ಕೊಕ್ಕೆಯ ತಕ್ಕಡಿ ಸಾಕು. ಸ್ಟೀರಿಂಗ್ ಚಕ್ರದ ಅಂಚಿಗೆ ಒಂದು ದಾರ ಕಟ್ಟಿ, ಆ ಅಂಚು ತಿರುಗುವ ದಿಕ್ಕಿಗೇ ಸರಿಯಾಗಿ ಎಳೆಯಬೇಕು. ಒಣ ಕಾಂಕ್ರೀಟಿನ ಮೇಲೆ, ಕಾರು ನಿಂತಿರುವಾಗ, 9.5 ಕೆ.ಜಿ. ಬಂತು. ಚಕ್ರದ ಅರೆವ್ಯಾಸ 0.15 ಮೀಟರ್. ಲೆಕ್ಕ ಹಾಕಿದರೆ ತಿರುಗಿಸುವ ಬಲ ಸುಮಾರು 14 ನ್ಯೂಟನ್ ಮೀಟರ್.

ಆಮೇಲೆ ಮುಂಭಾಗ ಜಾಕ್ ಹಾಕಿ ಎತ್ತಿ, ಟೈರು ಗಾಳಿಯಲ್ಲಿ ತೂಗುವಾಗ ಮತ್ತೆ ಎಳೆದೆ. ಅಲ್ಲಿ ಹೆಚ್ಚು ಕಡಿಮೆ ಏನೂ ಬರಬಾರದು. ನನಗೆ 1.4 ಕೆ.ಜಿ. ಬಂತು. ನೆಲವನ್ನೇ ಮುಟ್ಟದ ಟೈರಿಗೆ 1.4 ಕೆ.ಜಿ.! ಅದು ಪೂರ್ತಿ ತಿಕ್ಕಾಟ, ಅದೂ ನಾನೇ ಕಟ್ಟಿದ ತಿಕ್ಕಾಟ.

ಹುಡುಕಿದರೆ ಎರಡು ತಪ್ಪು ಸಿಕ್ಕವು. ಒಂದು, ರ‍್ಯಾಕಿನ ಒತ್ತು ಸ್ಕ್ರೂ. ರ‍್ಯಾಕನ್ನು ಪಿನಿಯನ್ (ಅದನ್ನು ಸರಿಸುವ ಸಣ್ಣ ಹಲ್ಲಿನ ಚಕ್ರ) ಕಡೆಗೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್, ಅದರ ಹಿಂದೆ ಒಂದು ಸ್ಕ್ರೂ ಇರುತ್ತದೆ. ಕಾರು ಕಟ್ಟುವಾಗ ಒಂಚೂರೂ ಆಟ ಇರಬಾರದು ಅಂತ ಅದನ್ನು ಬಿಗಿದು ಕೂರಿಸಿದ್ದೆ. ಎರಡನೆಯದು ಯೂನಿವರ್ಸಲ್ ಜಾಯಿಂಟ್, ಅಂದರೆ ಶಾಫ್ಟು ಬಾಗಿದ್ದರೂ ತಿರುಗಲು ಬಿಡುವ ಕೀಲು. ನನ್ನ ಸ್ಟೀರಿಂಗ್ ಶಾಫ್ಟ್ ಎಂಜಿನ್ ಪಕ್ಕ ಬಾಗಿ ಹೋಗಲು ಎರಡು ಜಾಯಿಂಟ್ ಬೇಕು. ಒಂದರ ಕೋನ 24 ಡಿಗ್ರಿ, ಇನ್ನೊಂದರದು 21. ಒಂದೇ ಜಾಯಿಂಟ್ ಕೋನದಲ್ಲಿ ತಿರುಗಿದರೆ ಒಂದು ಸುತ್ತಿನಲ್ಲಿ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. 24 ಡಿಗ್ರಿಗೆ ಈ ಏರಿಳಿತ ಎರಡೂ ಕಡೆಗೆ ಸುಮಾರು 9 ಶೇಕಡಾ. ಎರಡನೇ ಜಾಯಿಂಟ್ ಇದನ್ನು ಅಳಿಸಬೇಕಾದರೆ, ನಡುವಿನ ಶಾಫ್ಟಿನ ಎರಡು ತುದಿಯ ಕವಲುಗಳು, ಅಂದರೆ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ನನ್ನವು ಎರಡು ಹಲ್ಲು ತಪ್ಪಿದ್ದವು. ಸ್ಪ್ಲೈನ್ (ಶಾಫ್ಟಿನ ತುದಿಯ ಸುತ್ತಲಿನ ಹಲ್ಲುಗಳ ಸಾಲು) 36 ಹಲ್ಲಿನದು, ಅಂದರೆ 20 ಡಿಗ್ರಿ ಆಚೀಚೆ. ಎರಡು ವರ್ಷ ಒಂದು ಜಾಗದಲ್ಲಿ ಭಾರ, ಇನ್ನೊಂದು ಜಾಗದಲ್ಲಿ ಹಗುರ ಅನಿಸುತ್ತಿದ್ದದ್ದು ಟೈರಿನಿಂದಲ್ಲ, ನನ್ನ ಕೈಚಳಕದಿಂದ.

ಎರಡನ್ನೂ ಸರಿ ಮಾಡಿದ ಮೇಲೆ ಗಾಳಿಯಲ್ಲಿ ಅರ್ಧ ಕೆ.ಜಿ., ನೆಲದ ಮೇಲೆ 8. ನೀವು ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಇಲ್ಲಿಂದಲೇ ಶುರು ಮಾಡಿ. ಕೆಲವರಿಗೆ ಇಷ್ಟಕ್ಕೇ ಸಾಕಾಗಬಹುದು. ನನಗೆ ಸಾಲಲಿಲ್ಲ.

ಯಾವ ಜಾತಿಯದು

ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಪಂಪು, ಬೆಲ್ಟು, ಎಣ್ಣೆ ಡಬ್ಬಿ, ಎರಡು ಹೋಸು, ಬೇರೆ ರ‍್ಯಾಕು. ನನ್ನ ಎಂಜಿನ್ ಮುಂದೆ ಒಂದು ಬೆರಳು ತೂರಿಸಲು ಜಾಗ ಇಲ್ಲ. ರ‍್ಯಾಕ್ ಬದಲಿಸಿದರೆ ಅದನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಜಾಗ ಬದಲಾಗುತ್ತದೆ. ಆಗ ಗುಂಡಿಗೆ ಇಳಿದಾಗಲೆಲ್ಲ ಚಕ್ರ ತಾನೇ ತಿರುಗುವ ಕಾಯಿಲೆ ಅಂಟಿಕೊಳ್ಳುತ್ತದೆ. ಅದನ್ನು ಸರಿ ಮಾಡಲು ನಾನು ಒಂದು ಬೇಸಿಗೆಯನ್ನೇ ಕಳೆದಿದ್ದೇನೆ, ಇನ್ನೊಮ್ಮೆ ಆಗಲ್ಲ.

ಉಳಿದದ್ದು ಕಾಲಮ್ (ಸ್ಟೀರಿಂಗ್ ಚಕ್ರದ ಹಿಂದಿನ ಶಾಫ್ಟು ಮತ್ತು ಅದರ ಕೊಳವೆ) ಮೇಲೆಯೇ ಮೋಟರ್ ಇರುವ ಎಲೆಕ್ಟ್ರಿಕ್ ಸ್ಟೀರಿಂಗ್. ಇದು ಹೊಸದೇನಲ್ಲ, 1988ರಲ್ಲೇ ಸುಜುಕಿಯ ಪುಟ್ಟ ಸೆರ್ವೊ ಕಾರಿನಲ್ಲಿ ಬಂದಿತ್ತು. ಕಿಟ್ ಕಾರು, ರ‍್ಯಾಲಿ ಕಾರು ಕಟ್ಟುವವರು ಜಾಸ್ತಿ ಬಳಸುವುದು ಒಪೆಲ್ ಕೊರ್ಸಾ ಸಿ ಕಾರಿನದನ್ನು. ಕಂಟ್ರೋಲ್ ಪೆಟ್ಟಿಗೆಗೆ ಕಾರಿನ ಉಳಿದ ಭಾಗದಿಂದ ಯಾವ ಸಂದೇಶವೂ ಬರದಿದ್ದರೂ ಅದು ಮುಷ್ಕರ ಹೂಡುವುದಿಲ್ಲ. ಒಂದು ಮಧ್ಯಮ ಮಟ್ಟದ ಸಹಾಯ ಕೊಡುತ್ತಾ ಕೆಲಸ ಮುಂದುವರಿಸುತ್ತದೆ. ಸಹಾಯ ಹೆಚ್ಚು ಕಡಿಮೆ ಮಾಡಲು ತಿರುಪು (ರೇಡಿಯೋದಲ್ಲಿ ಇರುವಂಥ ನಾಬ್) ಇರುವ ಸಣ್ಣ ಪೆಟ್ಟಿಗೆಗಳೂ ಸಿಗುತ್ತವೆ. ನಾನೂ ಅದನ್ನೇ ತಂದೆ. ಹಳೆ ಕಾರಿನಿಂದ ಬಿಚ್ಚಿದ ಕಾಲಮ್, ಅದರದೇ ಕಂಟ್ರೋಲ್ ಪೆಟ್ಟಿಗೆ, ಜೊತೆಗೆ ವೈರಿನ ಕನೆಕ್ಟರುಗಳು. ಕನೆಕ್ಟರ್ ಕತ್ತರಿಸಿ ಕೊಟ್ಟರೆ ತಗೋಬೇಡಿ. ಮೋಟರಿನ ಎರಡು ವೈರು ಅದಲು ಬದಲಾದರೆ ಸ್ಟೀರಿಂಗ್ ನಿಮ್ಮ ಕೈಗೆ ವಿರುದ್ಧ ತಳ್ಳುತ್ತದೆ.

ತೂಗಿದರೆ 8.4 ಕೆ.ಜಿ. ಕೀ ಹಾಕುವ ಭಾಗ, ಬೇಡದ ಬ್ರಾಕೆಟ್ಟು ಎಲ್ಲ ತೆಗೆದ ಮೇಲೆ 6.9.

ಇದು ಕೆಲಸ ಮಾಡುವ ರೀತಿ ಒಂದು ನಿಮಿಷ ನೋಡೋಣ, ಮುಂದಿನ ಗೋಳಿಗೆಲ್ಲ ಅದೇ ಕಾರಣ. ಮೇಲಿನ ಶಾಫ್ಟು, ಕೆಳಗಿನ ಶಾಫ್ಟು ಬೇರೆ ಬೇರೆ. ನಡುವೆ ಒಂದು ಸಣ್ಣ ಸರಳು ಇದೆ, ಅದು ತಿರುಚಿಕೊಳ್ಳುವ ಸರಳು. ನೀವು ಸ್ಟೀರಿಂಗ್ ತಿರುಗಿಸಿದಾಗ ಟೈರು ತಡೆಯುತ್ತದೆ, ಸರಳು ಕೂದಲೆಳೆಯಷ್ಟು ತಿರುಚುತ್ತದೆ. ಸೆನ್ಸರ್ ಆ ತಿರುಚನ್ನು ಅಳೆಯುತ್ತದೆ. ಬಲಕ್ಕೆ ತಿರುಚಿದರೆ ಮೋಟರ್ ಕೆಳಗಿನ ಶಾಫ್ಟನ್ನು ಬಲಕ್ಕೆ ತಳ್ಳುತ್ತದೆ. ತಿರುಚು ಹೋದರೆ ಮೋಟರ್ ಸುಮ್ಮನಾಗುತ್ತದೆ. ಅಷ್ಟೇ ಅದರ ಬುದ್ಧಿ.

ಕಾಲು ಎಲ್ಲಿಡಬೇಕು

ಸೆವೆನ್ ಜಾತಿಯ ಕಾರಿನಲ್ಲಿ ಕಾಲಿಡುವ ಜಾಗ ಅಂದರೆ ಒಂದು ಉದ್ದನೆಯ ಪೆಟ್ಟಿಗೆ. ಮೋಟರ್ ಇರುವುದು ದಪ್ಪ ಲೋಟದ ಗಾತ್ರ, ಅದೂ ಕಾಲಮ್‌ನಿಂದ ಪಕ್ಕಕ್ಕೆ ಚಾಚಿಕೊಂಡು. ಮೊದಲು ರಟ್ಟು, ಥರ್ಮಾಕೋಲ್ ಸೇರಿಸಿ ಅದೇ ಗಾತ್ರದ ಒಂದು ಗೊಂಬೆ ಮಾಡಿದೆ. ಟೇಪು ಹಾಕಿ ಕಟ್ಟಿ, ಕಾರಿನಲ್ಲಿ ಕೂತು ಕ್ಲಚ್ ಒತ್ತಿ ನೋಡಿದೆ. ಎಲ್ಲ ಸರಿ ಅನಿಸಿತು. ಮಾರನೇ ದಿನ ಗೆಳೆಯ ಬಂದು ನೋಡಿ, "ಬರಿಗಾಲಲ್ಲಿ ಕಾರು ಓಡಿಸ್ತೀಯಾ ಮಾರಾಯಾ?" ಅಂದ. ಶೂ ಹಾಕಿ ಕೂತರೆ ಕ್ಲಚ್ ಬಿಡುವಾಗ ಹೆಬ್ಬೆರಳಿನ ತುದಿ ಮೋಟರಿಗೆ ಸಿಕ್ಕಿಕೊಳ್ಳುತ್ತಿತ್ತು. ಕಾಲಮನ್ನೇ 70 ಡಿಗ್ರಿ ಸುತ್ತಿಸಿ, ಮೋಟರನ್ನು ಮೇಲಕ್ಕೆ, ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕಳಿಸಿದೆ. ವೈಪರ್ ಮೋಟರ್ ಜಾಗ ಖಾಲಿ ಮಾಡಬೇಕಾಯಿತು. ಮಳೆಗೆ ನಾನು ಈ ಕಾರು ತೆಗೆಯುವುದೇ ಅಪರೂಪ, ಆದರೂ ಅದಕ್ಕೆ ಇನ್ನೊಂದು ಮೂಲೆ ಹುಡುಕಿ ಕೊಟ್ಟೆ.

ಬ್ರಾಕೆಟ್ ವಿಷಯದಲ್ಲಿ ಒಂದು ಮಾತು. ಮಾಮೂಲಿ ಕಾಲಮ್‌ಗೆ ಬ್ರಾಕೆಟ್ ಅಂದರೆ ಹಿಡಿದುಕೊಳ್ಳಲು ಮಾತ್ರ. ಇಲ್ಲಿ ಹಾಗಲ್ಲ. ಮೋಟರ್ ಶಾಫ್ಟನ್ನು ಎಷ್ಟು ಜೋರಾಗಿ ತಿರುಗಿಸುತ್ತದೋ ಅಷ್ಟೇ ಜೋರಾಗಿ ತನ್ನ ಮೈಯನ್ನು ಉಲ್ಟಾ ತಿರುಗಿಸಲು ನೋಡುತ್ತದೆ. ನನ್ನ ಮೊದಲ ಬ್ರಾಕೆಟ್ 2 ಮಿ.ಮೀ. ತಗಡಿನದು. ಶಾಫ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇಡೀ ಕಾಲಮ್ ತಲೆ ಅಲ್ಲಾಡಿಸುತ್ತಿತ್ತು. ಅದನ್ನು ಕಿತ್ತು, ಚಾಸಿಸ್‌ನ ಅಡ್ಡ ಪೈಪಿಗೆ 5 ಮಿ.ಮೀ. ತಟ್ಟೆ ಹಾಕಿ, ಎರಡು ಕಡೆ ಓರೆ ಪಟ್ಟಿ ಕೊಟ್ಟು ಮತ್ತೆ ಮಾಡಿದೆ. ವೆಲ್ಡಿಂಗ್ ಹೊತ್ತಿಗೆ ಕಾಲಮನ್ನು ಬಿಚ್ಚಿ ಇನ್ನೊಂದು ಕೋಣೆಯಲ್ಲಿ ಇಟ್ಟಿದ್ದೆ. ಸೆನ್ಸರ್ ಇರುವ ಸಾಮಾನಿನ ಮೂಲಕ ವೆಲ್ಡಿಂಗ್ ಕರೆಂಟ್ ಹರಿಯುವುದು ಬೇಡ.

ಕೆಳಗಿನ ಶಾಫ್ಟಿಗೂ ಇದೇ ನ್ಯಾಯ. ಮೊದಲು ಅದರ ಮೇಲೆ ಬೀಳುತ್ತಿದ್ದದ್ದು ನನ್ನ ಕೈ ಬಲ ಮಾತ್ರ, ಈಗ ಕೈ ಮತ್ತು ಮೋಟರ್ ಎರಡೂ. ಹಳೆಯ ಅಗ್ಗದ ಜಾಯಿಂಟುಗಳನ್ನು ಎತ್ತಿಟ್ಟು ಫೋರ್ಜಿಂಗ್ ಮಾಡಿದ ಗಟ್ಟಿ ಜಾಯಿಂಟ್ ಹಾಕಿದೆ. ಪ್ರತಿ ಜಾಯಿಂಟಿನ ಬೋಲ್ಟು ಶಾಫ್ಟಿನ ತೋಡಿನಲ್ಲಿ ಕೂರಬೇಕು. ಬರೀ ಬಿಗಿತವನ್ನು ನಂಬಬಾರದು. ಎರಡು ಕೋನಗಳನ್ನು ಹಾಗೇ ಉಳಿಸಿಕೊಂಡೆ. ಮುಂದಿನಿಂದ ಗುದ್ದಿದರೆ ಶಾಫ್ಟು ಅಲ್ಲಿ ಮಡಚಿಕೊಳ್ಳಬೇಕು, ಎದೆಗೆ ನೇರ ಈಟಿಯಾಗಿ ಬರಬಾರದು. ಶಾಫ್ಟಿಗೆ ವೆಲ್ಡಿಂಗ್ ಮಾಡುವ ಪ್ರಸಂಗ ಬರಲಿಲ್ಲ. ಬಂದಿದ್ದರೆ ನಾನಂತೂ ಮಾಡುತ್ತಿರಲಿಲ್ಲ, ಅದನ್ನೇ ಕಸುಬಾಗಿ ಮಾಡುವವರಿಗೆ ಕೊಡುತ್ತಿದ್ದೆ.

ಮೇಲ್ಗಡೆ ಮಾತ್ರ ಒಂದು ಸೇರ್ಪಡೆ ಬೇಕಾಯಿತು. ಕಾಲಮ್ ಮುಂದಕ್ಕೆ ಹೋದದ್ದರಿಂದ ಸ್ಟೀರಿಂಗ್ ಚಕ್ರ ಕೈಗೆ ಎಟುಕಲಿಲ್ಲ. 110 ಮಿ.ಮೀ. ಉದ್ದದ ಒಂದು ಜೋಡಣೆ ಶಾಫ್ಟ್ ಲೇತ್‌ನಲ್ಲಿ ಮಾಡಿಸಿದೆ. ಒಂದು ತುದಿಯಲ್ಲಿ ಕಾಲಮ್‌ನ ಸ್ಪ್ಲೈನ್, ಇನ್ನೊಂದು ತುದಿಯಲ್ಲಿ ಹಬ್, ಅಂದರೆ ಸ್ಟೀರಿಂಗ್ ಚಕ್ರವನ್ನು ಬೇಕಾದಾಗ ಕಳಚಲು ಬರುವ ನಡುಭಾಗ. ಅಷ್ಟುದ್ದ ಚಾಚಿದ ಶಾಫ್ಟ್ ಅಲುಗಾಡಬಾರದು ಅಂತ ಡ್ಯಾಶ್‌ಬೋರ್ಡಿನ ಹತ್ತಿರ ಒಂದು ನೈಲಾನ್ ಬುಶ್ ಕೂರಿಸಿದೆ, ಅಂದರೆ ಶಾಫ್ಟನ್ನು ಸುತ್ತಿ ಹಿಡಿಯುವ ಬಳೆ. ಆ ಬುಶ್ ಅನ್ನು ನೆನಪಿಟ್ಟುಕೊಳ್ಳಿ.

ಕರೆಂಟು

ವೈರಿಂಗ್ ಬಗ್ಗೆ ಎಲ್ಲರಿಗೂ ಭಯ, ನನಗೆ ಅದೊಂದು ಸಂಜೆಯ ಕೆಲಸ ಆಯಿತು. ದಪ್ಪ ಪ್ಲಸ್ ವೈರು ಬ್ಯಾಟರಿಯಿಂದ ನೇರ ಬರಬೇಕು. ಬ್ಯಾಟರಿ ಪಕ್ಕದಲ್ಲೇ 60 ಆ್ಯಂಪ್ ಫ್ಯೂಸು. ಅಷ್ಟೇ ದಪ್ಪದ ಅರ್ತ್ ವೈರು ವಾಪಸ್ ಬ್ಯಾಟರಿಗೇ ಹೋಗಬೇಕು, ಚಾಸಿಸ್‌ನ ಯಾವುದೋ ಸ್ಕ್ರೂಗೆ ಅಲ್ಲ. ಕೀ ಹಾಕಿದಾಗ ಕಂಟ್ರೋಲ್ ಪೆಟ್ಟಿಗೆಯನ್ನು ಎಬ್ಬಿಸಲು ಒಂದು ಸಣ್ಣ ವೈರು, 5 ಆ್ಯಂಪ್ ಫ್ಯೂಸಿನ ಮೂಲಕ.

ದಪ್ಪ ಅಂದರೆ ಎಷ್ಟು? ನನ್ನ ಬ್ಯಾಟರಿ ಇರುವುದು ಮುಂದೆ, ಹೋಗಿ ಬರಲು ಒಟ್ಟು 4 ಮೀಟರ್ ವೈರು. ಮೋಟರ್ 50 ಆ್ಯಂಪ್ ಎಳೆದಾಗ 4 ಚದರ ಮಿ.ಮೀ. ತಾಮ್ರದಲ್ಲಿ ಸುಮಾರು 0.9 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 10 ಚದರ ಮಿ.ಮೀ. ಹಾಕಿದರೆ 0.35. ಹತ್ತರದ್ದೇ ಹಾಕಿದೆ. ಎಂಜಿನ್‌ನಿಂದ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ 55 ಆ್ಯಂಪಿನದು. ನಿಂತಲ್ಲೇ ತುದಿಯವರೆಗೆ ತಿರುಗಿಸಿ ಹಿಡಿದರೆ ಹೆಡ್‌ಲೈಟ್ ಸ್ವಲ್ಪ ಮಂಕಾಗುತ್ತದೆ, ಎಂಜಿನ್ ಉಸಿರು ಕಟ್ಟಿದಂತೆ ಆಡುತ್ತದೆ. ಐಡಲ್ ಸ್ಪೀಡನ್ನು (ಆ್ಯಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ನಿಮಿಷಕ್ಕೆ 850 ಸುತ್ತಿನಿಂದ 950ಕ್ಕೆ ಏರಿಸಿದೆ, ಸರಿಹೋಯಿತು. ಮೋಟರ್‌ಸೈಕಲ್ ಎಂಜಿನ್ ಹಾಕಿ ಕಾರು ಕಟ್ಟಿದವರು ಮಾತ್ರ ಇಲ್ಲಿ ಯೋಚನೆ ಮಾಡಬೇಕು. ಆ ಎಂಜಿನ್‌ಗಳಲ್ಲಿ ಕರೆಂಟು ಹುಟ್ಟುವುದೇ ಕಡಿಮೆ.

ಹಗುರವಾಯಿತು, ಆದರೆ ವಾಪಸ್ ಬರಲಿಲ್ಲ

ಮೊದಲ ಸಲ ಕೀ ತಿರುಗಿಸಿದಾಗ ಒಂದು ಟಕ್ ಶಬ್ದ. ಕಂಟ್ರೋಲ್ ಪೆಟ್ಟಿಗೆಯೊಳಗಿನ ರಿಲೇ ಅದು. ಒಂದು ಬೆರಳಿನಲ್ಲಿ ತಳ್ಳಿದೆ, ಸ್ಟೀರಿಂಗ್ ಬೆಣ್ಣೆಯ ಹಾಗೆ ತಿರುಗಿತು. ಗೆಳೆಯನೂ ತಿರುಗಿಸಿದ, ನಾನೂ ತಿರುಗಿಸಿದೆ. ಇಬ್ಬರೂ ಮಕ್ಕಳ ಹಾಗೆ ಹತ್ತು ನಿಮಿಷ ಅದನ್ನೇ ಮಾಡಿದೆವು.

ರಸ್ತೆಗೆ ಇಳಿದ ಮೇಲೆ ನಗು ಹೋಯಿತು. ಮೊದಲ ತಿರುವಿನಲ್ಲಿ ಬಲಕ್ಕೆ ತಿರುಗಿಸಿ, ತಿರುವು ಮುಗಿಯುತ್ತಿದ್ದಂತೆ ಅಭ್ಯಾಸಬಲದಿಂದ ಹಿಡಿತ ಸಡಿಲ ಬಿಟ್ಟೆ. ಚಕ್ರ ತಾನೇ ಮಧ್ಯಕ್ಕೆ ಬರಬೇಕಲ್ವಾ? ಬರಲಿಲ್ಲ. ಬಿಟ್ಟ ಜಾಗದಲ್ಲೇ ನಿಂತಿತು. ಕಾರು ಬಲಕ್ಕೇ ಹೋಗುತ್ತಿದೆ. ಗಾಬರಿಯಲ್ಲಿ ಎಡಕ್ಕೆ ಎಳೆದರೆ ಜಾಸ್ತಿಯಾಯಿತು. ಐದು ಕಿಲೋಮೀಟರ್ ಹೀಗೇ ಹೊಲಿಗೆ ಹಾಕಿದಂತೆ ಅತ್ತಿಂದಿತ್ತ ಓಡಿಸಿಕೊಂಡು ಮನೆಗೆ ಬಂದೆ.

ಮೊದಲ ಅನುಮಾನ ಹೋದದ್ದು ಕಂಟ್ರೋಲ್ ಪೆಟ್ಟಿಗೆ ಮೇಲೆ. ಆಮೇಲೆ ಸೆನ್ಸರ್ ಮೇಲೆ. ಈ ಸೆನ್ಸರ್ ಎರಡು ವೋಲ್ಟೇಜ್ ಕೊಡುತ್ತದೆ. ಒಂದು ಏರಿದಷ್ಟು ಇನ್ನೊಂದು ಇಳಿಯುತ್ತದೆ. ಕೈ ಬಿಟ್ಟಾಗ ಎರಡೂ 2.5 ವೋಲ್ಟ್ ಇರಬೇಕು. ಕನೆಕ್ಟರಿನ ಹಿಂದಿನಿಂದ ಗುಂಡುಸೂಜಿ ತೂರಿಸಿ, ಎರಡು ಮಲ್ಟಿಮೀಟರ್ ಸಿಕ್ಕಿಸಿದೆ. 2.50, 2.50. ಏನೂ ತಪ್ಪಿಲ್ಲ.

ಎರಡು ರಾತ್ರಿ ಅದರ ಮುಂದೆ ಕೂತೆ. ಮೂರನೇ ದಿನ ಸುಮ್ನೆ ಚಕ್ರವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ ಬಿಟ್ಟು ಮೀಟರ್ ನೋಡಿದೆ. 2.62, 2.38. ಯಾರೂ ಮುಟ್ಟಿಲ್ಲ. ಎಡಕ್ಕೆ ತಿರುಗಿಸಿ ಬಿಟ್ಟೆ: 2.38, 2.62. ಕೈ ಇಲ್ಲದಿದ್ದರೂ ಸರಳು ತಿರುಚಿಕೊಂಡೇ ಇದೆ. ಹಾಗಾದರೆ ಮೇಲಿನ ಶಾಫ್ಟನ್ನು ಯಾರೋ ಹಿಡಿದುಕೊಂಡಿದ್ದಾರೆ. ಡ್ಯಾಶ್‌ಬೋರ್ಡಿನ ಹತ್ತಿರ, ಸ್ಟೀರಿಂಗ್ ಹಬ್ಬಿನ ಮೇಲೆ ಅಂಗೈಯಿಂದ ಒಂದು ಏಟು ಕೊಟ್ಟೆ. ಸಣ್ಣಗೆ ಟಿಕ್ ಅಂದಿತು. ಮೀಟರ್: 2.51, 2.49.

ನೈಲಾನ್ ಬುಶ್!

ಕಾಲಮ್‌ನೊಳಗೆ ಆಗಲೇ ಎರಡು ಬೇರಿಂಗ್ ಇವೆ. ನಾನು ಮೂರನೆಯದನ್ನು ಸೇರಿಸಿದ್ದೆ. ಎರಡು ಬಿಂದುಗಳ ಮೂಲಕ ಗೆರೆ ಎಳೆಯುವುದು ಸುಲಭ. ಮೂರನೆಯದು ಅದೇ ಗೆರೆಯ ಮೇಲೆ ಬೀಳಬೇಕಾದರೆ ಅದೃಷ್ಟ ಬೇಕು. ನನ್ನ ಬುಶ್ ಒಂದೂವರೆ ಮಿ.ಮೀ. ಕೆಳಗಿತ್ತು. ಶಾಫ್ಟ್ ಬುಶ್ಶಿನ ಮೇಲಿನ ಅಂಚಿಗೆ ಒರಗಿಕೊಂಡು ತಿರುಗುತ್ತಿತ್ತು. ಕೈಗೆ ಅದು ಗೊತ್ತೇ ಆಗುವುದಿಲ್ಲ, 200 ಗ್ರಾಂ ಭಾರ ಅಷ್ಟೇ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಾದರೆ ಟೈರುಗಳೇ ಆ 200 ಗ್ರಾಮನ್ನು ನುಂಗಿ ಚಕ್ರವನ್ನು ಮಧ್ಯಕ್ಕೆ ತಂದುಬಿಡುತ್ತಿದ್ದವು.

ಈಗ ಕತೆ ಬೇರೆ. ತಿರುವಿನಿಂದ ಹೊರಬರುವಾಗ ಟೈರುಗಳು ಕೆಳಗಿನ ಶಾಫ್ಟನ್ನು ಮಧ್ಯಕ್ಕೆ ತಳ್ಳುತ್ತವೆ. ಮೇಲಿನ ಶಾಫ್ಟನ್ನು ಬುಶ್ ಹಿಡಿದಿದೆ. ನಡುವಿನ ಸರಳು ತಿರುಚುತ್ತದೆ. ಸೆನ್ಸರಿಗೆ ಕೈ ಯಾವುದು, ಬುಶ್ ಯಾವುದು ಗೊತ್ತಿಲ್ಲ. "ಓಹೋ, ಯಜಮಾನರು ಇನ್ನೂ ಬಲಕ್ಕೆ ಹಿಡಿದಿದ್ದಾರೆ" ಅಂದುಕೊಂಡು ಮೋಟರಿಗೆ ಬಲಕ್ಕೆ ತಳ್ಳು ಅನ್ನುತ್ತದೆ. 200 ಗ್ರಾಂ ತಿಕ್ಕಾಟ ಮೋಟರಿನ ಕೈಗೆ ಸಿಕ್ಕಿ ಹಲವು ಪಟ್ಟು ಬೆಳೆಯುತ್ತದೆ. ಸೆನ್ಸರಿನ ಕೆಳಗಿರುವ ತಿಕ್ಕಾಟವನ್ನು ಮೋಟರ್ ಮುಚ್ಚಿಹಾಕುತ್ತದೆ, ಮೇಲಿರುವ ತಿಕ್ಕಾಟವನ್ನು ದೊಡ್ಡದು ಮಾಡುತ್ತದೆ. ಇದೊಂದು ಮೊದಲೇ ತಲೆಗೆ ಹೊಳೆದಿದ್ದರೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಪರಿಹಾರ ಅರ್ಧ ದಿನದ್ದು. ನೈಲಾನ್ ಬುಶ್ ತೆಗೆದು, ತನ್ನಷ್ಟಕ್ಕೆ ಓರೆಯಾಗಿ ಹೊಂದಿಕೊಳ್ಳುವ ಬಾಲ್ ಬೇರಿಂಗ್ ಹಾಕಿದೆ. ಅದರ ತಟ್ಟೆಯ ಬೋಲ್ಟ್ ತೂತುಗಳನ್ನು ಉದ್ದಕ್ಕೆ ಕೊರೆದೆ. ಶಾಫ್ಟು ತಾನೇ ನಿಲ್ಲುವ ಜಾಗದಲ್ಲಿ ನಿಲ್ಲಲಿ ಅಂತ ಬಿಟ್ಟು, ಬೇರಿಂಗ್ ಅದರ ಹತ್ತಿರ ಹೋಗಲಿ ಅಂತ ಸರಿಸಿ, ಒಂದೊಂದೇ ಬೋಲ್ಟನ್ನು ಮೀಟರ್ ನೋಡುತ್ತಾ ಬಿಗಿದೆ. ನಾಲ್ಕನೇ ಬೋಲ್ಟು ಬಿಗಿಯುವಾಗ ಅಂಕಿ 2.54ಕ್ಕೆ ಹೋಯಿತು. ಅದರ ಕೆಳಗೆ ಒಂದು ತೆಳ್ಳನೆಯ ವಾಷರ್ ಇಟ್ಟೆ, ವಾಪಸ್ ಬಂತು. ಈಗ ಯಾವ ಕಡೆ ತಿರುಗಿಸಿ ಬಿಟ್ಟರೂ 2.49 ಮತ್ತು 2.51ರ ನಡುವೆ ನಿಲ್ಲುತ್ತದೆ.

ಮೊಣಕಾಲು ಮತ್ತು ತಿರುಪು

ಮತ್ತೆ ರಸ್ತೆಗೆ ಹೋದೆ. ಈ ಸಲ ಚಕ್ರ ಮಧ್ಯಕ್ಕೆ ಬಂತು. ಖುಷಿಯಲ್ಲಿ ಒಂದು ಉದ್ದನೆಯ ತಿರುವಿಗೆ ನುಗ್ಗಿದೆ. ನಡು ತಿರುವಿನಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ನೀರಾಯಿತು, ಏನೂ ಹಿಡಿದಿಲ್ಲವೇನೋ ಅನ್ನುವಷ್ಟು ಹಗುರ. ನನ್ನ ಎದೆ ಝಲ್ಲೆಂದಿತು. ಮುಂದಿನ ಟೈರು ಜಾರಿತು ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣ ಇದೆ. ಟೈರು ಹಿಡಿತ ಕಳೆದುಕೊಳ್ಳುವ ಮೊದಲು ಸ್ಟೀರಿಂಗ್ ಹಗುರವಾಗುತ್ತದೆ. ತಿರುಗುವಾಗ ಟೈರಿನ ಪಕ್ಕದ ಬಲ ಅದು ನೆಲ ಮುಟ್ಟುವ ಜಾಗದ ಸರಿ ಮಧ್ಯದಲ್ಲಿ ಇರುವುದಿಲ್ಲ, ಸ್ವಲ್ಪ ಹಿಂದೆ ಇರುತ್ತದೆ. ಆ ಅಂತರವೇ ಚಕ್ರವನ್ನು ನೇರ ಮಾಡಲು ನೋಡುವುದು, ಕೈಗೆ ಭಾರವಾಗಿ ಸಿಗುವುದು. ಹಿಡಿತದ ಮಿತಿ ಹತ್ತಿರ ಬಂದಂತೆ ಆ ಅಂತರ ಕುಗ್ಗುತ್ತದೆ. ಕಾರು ಜಾರುವ ಮೊದಲೇ ಕೈಗೆ ಸುದ್ದಿ ಮುಟ್ಟುವುದು ಹೀಗೆ. ಇಂಥ ಕಾರು ಕಟ್ಟುವುದೇ ಆ ಸುದ್ದಿಗಾಗಿ. ಪವರ್ ಸ್ಟೀರಿಂಗ್ ಜಾಸ್ತಿ ಕೊಟ್ಟರೆ ಮೊದಲು ಸಾಯುವುದು ಅದೇ.

ನನ್ನ ಟೈರು ಜಾರಿರಲಿಲ್ಲ. ಸಹಾಯದ ತಿರುಪನ್ನು ಡ್ಯಾಶ್‌ಬೋರ್ಡಿನ ಕೆಳ ಅಂಚಿಗೆ ಹಾಕಿದ್ದೆ. ತಿರುವಿನಲ್ಲಿ ದೇಹ ವಾಲಿ ಮೊಣಕಾಲು ಅದಕ್ಕೆ ಉಜ್ಜಿ, ತಿರುಪು ಪೂರ್ತಿ ಕೊನೆಗೆ ಹೋಗಿತ್ತು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಅದನ್ನು ಅಲ್ಲಿಂದ ಕಿತ್ತದ್ದು. ಈಗ ಅದು ಗೇರ್ ಕಡ್ಡಿಯ ಮುಂದೆ, ಒಂದು ತಗಡಿನ ಬೇಲಿಯೊಳಗೆ ಇದೆ. ಬೆರಳ ತುದಿ ಹಾಕಿಯೇ ತಿರುಗಿಸಬೇಕು.

ತಿರುಪಿನ ಬದಲು ವೇಗದ ಸಂದೇಶ ಕೊಟ್ಟು, ವೇಗ ಹೆಚ್ಚಿದಂತೆ ಸಹಾಯ ತಾನೇ ಇಳಿಯುವ ಹಾಗೆ ಮಾಡಬಹುದು. ದೊಡ್ಡ ಕಾರುಗಳಲ್ಲಿ ಇರುವುದು ಅದೇ. ನಾನು ಸದ್ಯಕ್ಕೆ ಮಾಡಿಲ್ಲ. ಪಾರ್ಕಿಂಗಿಗೆ ಅರ್ಧ, ರಸ್ತೆಗೆ ಕಾಲುಭಾಗ, ಇದು ಕೈಗೆ ಅಭ್ಯಾಸವಾಗಿದೆ. ಮರೆತು ಅರ್ಧದಲ್ಲೇ ಹೊರಟರೂ ಅಪಾಯವಿಲ್ಲ, ರುಚಿ ಕಡಿಮೆ ಅಷ್ಟೇ.

ಒಂದು ಲಾಭ ನಾನು ಎಣಿಸಿರಲಿಲ್ಲ. ಕೈಗೆ ಭಾರ ಅಂತ ಕ್ಯಾಸ್ಟರ್ ಕೋನವನ್ನು (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) 5.5 ಡಿಗ್ರಿಯಲ್ಲಿ ಇಟ್ಟಿದ್ದೆ. ಈಗ ಆ ಹೆದರಿಕೆ ಇಲ್ಲ. ಚಕ್ರವನ್ನು ಚಾಸಿಸ್‌ಗೆ ಹಿಡಿದಿಡುವ ಮೇಲಿನ ತೋಳಿನ, ಅಂದರೆ ವಿಶ್‌ಬೋನ್‌ನ ವಾಷರ್ ಆಚೀಚೆ ಮಾಡಿ 7 ಡಿಗ್ರಿಗೆ ತಂದೆ. ಚಕ್ರ ಮಧ್ಯಕ್ಕೆ ಬರುವುದು ಇನ್ನೂ ಖಚಿತವಾಯಿತು, ನೇರ ರಸ್ತೆಯಲ್ಲಿ ಕಾರು ಗೆರೆ ಹಿಡಿದಂತೆ ಹೋಗುತ್ತದೆ. ಮೋಟರ್ ತಿಂದ ಸುದ್ದಿಯಲ್ಲಿ ಒಂದಿಷ್ಟು ಇದರಿಂದ ವಾಪಸ್ ಸಿಕ್ಕಿತು ಅಂತ ನನ್ನ ಲೆಕ್ಕ.

ಕ್ಯಾಸ್ಟರ್ ಬದಲಿಸಿದ ಮೇಲೆ ಅದೇ ಕಾಂಕ್ರೀಟು, ಅದೇ ತಕ್ಕಡಿ, ಅದೇ 18 ಪಿಎಸ್ಐ. ತಿರುಪು ಕಾಲುಭಾಗದಲ್ಲಿದ್ದಾಗ 4 ಕೆ.ಜಿ., ಅರ್ಧದಲ್ಲಿ 2.5, ಪೂರ್ತಿ ಕೊಟ್ಟರೆ 1. ಫ್ಯೂಸ್ ಕಿತ್ತು ಕೂಡ ಅಳೆದೆ: 9.2. ಕರೆಂಟು ಹೋದರೆ ಮೋಟರನ್ನೂ, ಅದನ್ನು ಶಾಫ್ಟಿಗೆ ಜೋಡಿಸುವ ವರ್ಮ್ ಗೇರನ್ನೂ ನಾವೇ ಎಳೆಯಬೇಕಲ್ಲ. ಕ್ಯಾಸ್ಟರ್ ಹೆಚ್ಚಿಸಿದ್ದರ ಪಾಲೂ ಅದರಲ್ಲಿ ಇದೆ. ಫ್ಯೂಸ್ ಇಲ್ಲದೆಯೇ ಹತ್ತು ಕಿಲೋಮೀಟರ್ ಓಡಿಸಿ ನೋಡಿದೆ. ಭಾರ, ಆದರೆ ಓಡಿಸಬಹುದು. ಈ ಪರೀಕ್ಷೆ ಮಾಡದೆ ಯಾರೂ ಕಾರನ್ನು ಹೊರಗೆ ತೆಗೆಯಬಾರದು. ನಡುದಾರಿಯಲ್ಲಿ ಫ್ಯೂಸ್ ಹೋದಾಗ ಕೈ ಮೊದಲ ಸಲ ಆ ಭಾರ ನೋಡುವಂತಾಗಬಾರದು. ಸ್ಟೀರಿಂಗ್ ಬದಲಿಸಿದ ಮೇಲೆ ವಾಹನ ತಪಾಸಣೆ, ವಿಮೆಯವರಿಗೆ ತಿಳಿಸುವುದು, ಇವುಗಳನ್ನೂ ನಿಮ್ಮ ಕಡೆಯ ನಿಯಮ ನೋಡಿ ಮುಗಿಸಿಕೊಳ್ಳಿ.

ಮೊದಲ 200 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೆ ಮತ್ತೆ ಸ್ಪ್ಯಾನರ್ ಹಾಕಿದೆ. ಬ್ರಾಕೆಟ್ಟಿನ ಒಂದು ನಟ್ಟು ಕಾಲು ಸುತ್ತು ಹಿಡಿಯಿತು, ಉಳಿದವು ಹಾಗೇ ಇದ್ದವು. ಹೆಂಡತಿಗೆ ಕೀ ಕೊಟ್ಟೆ. ಗ್ಯಾರೇಜಿನಿಂದ ರಿವರ್ಸ್‌ನಲ್ಲಿ ಒಂದೇ ಏಟಿಗೆ ಹೊರಗೆ ತಂದಳು. ಗೇಟಿನ ಹತ್ತಿರ ನಾಯಿ ಮಲಗಿತ್ತು. ಹಾರ್ನ್ ಒತ್ತಿದಳು, ಶಬ್ದವಿಲ್ಲ. ಹೊಸ ಜೋಡಣೆ ಶಾಫ್ಟಿನಲ್ಲಿ ಹಾರ್ನ್ ವೈರಿಗೆ ದಾರಿ ಬಿಡಲು ನಾನು ಮರೆತಿದ್ದೆ. ಶಾಫ್ಟು ಈಗ ಮತ್ತೆ ಲೇತ್ ಮೇಲಿದೆ.